ಮೂರು ದೇಶಗಳಿಗೆ ಜೋರಾದ ದನಿ

ಮೊನ್ನೆ ಅಟ್ಟದ ಟ್ರಂಕಿನಲ್ಲಿ ಶಾಲು ಹುಡುಕುತ್ತಿದ್ದಾಗ ಕೈಗೆ ಒಂದು ಮೈಕು ಸಿಕ್ಕಿತು. ಮದುವೆ ಮನೆಯಲ್ಲಿ ಬೀಗರು ಒಮ್ಮೆ ಹಿಡಿದರೆ ಬಿಡದಂಥ ಮೈಕಲ್ಲ. ಸೊಂಟಕ್ಕೆ ಕಟ್ಟಿಕೊಳ್ಳುವ, ಸಾಬೂನಿನ ಡಬ್ಬಿಯಷ್ಟಿರುವ ಸ್ಪೀಕರು; ಅದರಿಂದ ಹೊರಟ ಒಂದು ವೈರು; ವೈರಿನ ತುದಿಗೆ ಕಿವಿಗೆ ಸಿಕ್ಕಿಸಿ ಬಾಯಿಯ ಮುಂದೆ ಬಾಗಿಸಿಕೊಳ್ಳುವ ಕಡ್ಡಿ. ನಾನಿದ್ದ ಥಾಯ್ಲೆಂಡಿನ ಶಾಲೆಯಲ್ಲಿ ಶಿಕ್ಷಕಿಯರೆಲ್ಲ ಇದನ್ನು ಕಟ್ಟಿಕೊಂಡೇ ಪಾಠ ಮಾಡುತ್ತಿದ್ದರು, ಗಂಟಲಿಗೆ ಶ್ರಮವಾಗಬಾರದೆಂದು. ನಾನು ಅಲ್ಲಿಂದ ಹೊರಡುವ ದಿನ ಸಹೋದ್ಯೋಗಿಗಳು ಬಣ್ಣದ ಕಾಗದದಲ್ಲಿ ಸುತ್ತಿ, ಕೈ ಮುಗಿದು, ಇದನ್ನು ಕೊಟ್ಟಿದ್ದರು. ಮೂರು ವರ್ಷ ನನ್ನ ಪಕ್ಕದ ಕೋಣೆಗಳಲ್ಲಿ ಪಾಠ ಮಾಡಿದವರು ನನಗೇ ಮೈಕು ಕೊಟ್ಟರಲ್ಲ, ಅದು ಪ್ರೀತಿಯೋ ಚೇಷ್ಟೆಯೋ ಇವತ್ತಿಗೂ ಬಗೆಹರಿದಿಲ್ಲ. ಆ ಜನ ಎರಡನ್ನೂ ಒಂದೇ ನಗುವಿನಲ್ಲಿ ಮುಗಿಸುತ್ತಾರೆ.

ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ ನೋಡಿದರು. ಅವರು ಬಾಡಗಂಡಿ ಕಡೆಯವರು, ಕಬ್ಬಿನ ಗದ್ದೆಯ ಮನೆತನ, ಓದಿದ್ದು ಗಣಿತ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಆ ಹತ್ತರಲ್ಲಿ ಎಂಟು ನನ್ನನ್ನು ಚುಚ್ಚುವುದಕ್ಕೆ.

"ಇದನ್ನ ನಿನಗ ಕೊಟ್ಟವರ ಕಿವಿ ಆಗಲೇ ಹೋಗಿದ್ವು ಕಾಣತೈತಿ" ಎಂದರು.

ತಪ್ಪು ತಿಳಿಯಬೇಡಿ, ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ನನ್ನ ದನಿ ಜೋರು. ಪಿಸುಮಾತು ಆಡಲು ಹೋದರೆ ಓಣಿಗೆಲ್ಲ ಗುಟ್ಟು ಗೊತ್ತಾಗುತ್ತದೆ. ಇದರಲ್ಲಿ ನನ್ನ ತಪ್ಪೇನಿದೆ ಹೇಳಿ? ನಾನು ಹುಟ್ಟಿದ್ದು ರಬಕವಿಯ ಮಗ್ಗದ ಮನೆಯಲ್ಲಿ. ಮುಂದಿನ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮು, ಹಿಂದೆ ಅಡುಗೆಮನೆ, ನಡುವೆ ನಾವು. ನಾಲ್ಕೂ ಮಗ್ಗ ಒಟ್ಟಿಗೆ ಖಟಾಖಟ್ ಎನ್ನುವಾಗ "ಉಪ್ಪು ಕೊಡು" ಎನ್ನಲಿಕ್ಕೂ ಭಾಷಣ ಮಾಡುವ ಗಂಟಲು ಬೇಕಾಗುತ್ತಿತ್ತು. ತೊಟ್ಟಿಲಿನಲ್ಲಿದ್ದ ನನ್ನ ತಮ್ಮ ಆ ಗದ್ದಲದಲ್ಲಿ ಸುಖವಾಗಿ ಮಲಗಿರುತ್ತಿದ್ದ. ಕರೆಂಟು ಹೋಗಿ ಮಗ್ಗಗಳು ನಿಂತವೋ, ಬೆಚ್ಚಿಬಿದ್ದು ಎದ್ದು ಅಳುತ್ತಿದ್ದ. ಆಗ ನಮ್ಮಜ್ಜಿ ತೊಟ್ಟಿಲ ಪಕ್ಕ ಕೂತು ತಾಟಿನ ಮೇಲೆ ಸೌಟಿನಿಂದ ಬಡಿದು ಬಡಿದು ಅವನನ್ನು ಮಲಗಿಸುತ್ತಿದ್ದಳು. ಜೋಗುಳ ಹಾಡಿ ಮಲಗಿಸುವ ಮನೆಗಳೂ ಇವೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಸಾಲಿಯಲ್ಲೂ ನಾನು ಜೋರೆಂದು ಯಾರೂ ಅನ್ನಲಿಲ್ಲ. ಅಲ್ಲಿದ್ದವರೆಲ್ಲ ಮಗ್ಗದ ಮಕ್ಕಳೇ. ಮಾಸ್ತರರೂ ಬನಹಟ್ಟಿಯ ಮಗ್ಗದ ಮನೆಯವರೇ. ಅವರು ಇಂಗ್ಲಿಷ್ ಪದ್ಯ ಓದಿದರೆ ದಾರಿಯಲ್ಲಿ ಹೋಗುತ್ತಿದ್ದ ಎತ್ತುಗಳು ನಿಲ್ಲುತ್ತಿದ್ದವು. ಅವರಿಂದಲೇ ನನಗೆ ಇಂಗ್ಲಿಷಿನ ಹುಚ್ಚು ಹಿಡಿದದ್ದು. ಹಾಗಾಗಿ ನನ್ನ ದನಿಯಲ್ಲಿ ಏನೋ ಎಡವಟ್ಟಿದೆ ಎಂಬುದು ಸಮುದ್ರ ದಾಟುವವರೆಗೆ ನನಗೆ ಗೊತ್ತೇ ಇರಲಿಲ್ಲ.

ಮೊದಲು ದಾಟಿದ್ದು ಮಾಲ್ಡೀವ್ಸಿಗೆ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ದ್ವೀಪ ಎಷ್ಟು ಚಿಕ್ಕದೆಂದರೆ ಸಂಜೆ ತಿರುಗಾಡಲು ಹೊರಟರೆ ಅರ್ಧ ಗಂಟೆಯಲ್ಲಿ ಮತ್ತೆ ನಮ್ಮ ಮನೆಯೇ ಎದುರಾಗುತ್ತಿತ್ತು. ಅಲ್ಲಿಯ ಜನ ಮೆತ್ತಗೆ ಮಾತಾಡುತ್ತಾರೆ, ಮಕ್ಕಳು ಇನ್ನೂ ಮೆತ್ತಗೆ. ನಾನು ಮೊದಲ ದಿನ ಐದನೆಯ ತರಗತಿಗೆ ಉಕ್ತಲೇಖನ ಕೊಟ್ಟೆ. ಮುಗಿಸಿ ಹೊರಬಂದರೆ ಪಕ್ಕದ ನಾಲ್ಕನೆಯ ತರಗತಿಯ ಮಕ್ಕಳೂ ಅದನ್ನೇ ಬರೆದು, ತಿದ್ದಿಸಿಕೊಳ್ಳಲು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದವು. ಒಳಗಿದ್ದ ಅವರ ಶಿಕ್ಷಕಿ ಬೇರೆ ದಾರಿ ಕಾಣದೆ ಸುಮ್ಮನೆ ಕೂತಿದ್ದಳು.

ವಾರ ಕಳೆದ ಮೇಲೆ ಹೆಡ್ಮಾಸ್ತರು ನನ್ನನ್ನು ಕರೆಸಿದರು. ಬಹಳ ಸಭ್ಯ ಮನುಷ್ಯ. ಎಳನೀರು ತರಿಸಿಕೊಟ್ಟು, ಸಮುದ್ರ ನೋಡಿ, ಚಾವಣಿ ನೋಡಿ, ಕೊನೆಗೆ, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಕೇಳಿದರು. ಹೊಸ ಟೀಚರ್ ದಿನವೂ ಯಾರ ಮೇಲೋ ಸಿಟ್ಟು ಮಾಡುತ್ತಾರೆ, ಪಾಪ ಏನು ಕಷ್ಟವೋ ಎಂದು ಊರ ತಾಯಂದಿರು ಚಿಂತೆ ಮಾಡುತ್ತಿದ್ದರಂತೆ. ನಾನು ಸಿಟ್ಟಿಲ್ಲ ಎಂದು ವಿವರಿಸಿದೆ. ವಿವರಿಸಿದ ದನಿಗೆ ಅವರು ಕುರ್ಚಿ ಹಿಂದಕ್ಕೆ ಸರಿಸಿದರು.

ಆಮೇಲೆ ಇಥಿಯೋಪಿಯ. ಅಲ್ಲಿ ನನ್ನನ್ನು ಹೆದರಿಸಿದ್ದು ಉಸಿರು. ಮೊದಲ ಪಾಠ ಮುಗಿಸಿ "ತಿಳಿಯಿತೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅರವತ್ತು ಮಕ್ಕಳು ಒಟ್ಟಿಗೆ ಹಾವು ಕಂಡವರ ಹಾಗೆ ಉಸಿರು ಒಳಗೆಳೆದುಕೊಂಡವು. ನಾನು ಸೀರೆಯ ನಿರಿಗೆ ನೋಡಿಕೊಂಡೆ. ಹೊಳ್ಳಿ ಬೋರ್ಡು ನೋಡಿದೆ, ಏನಾದರೂ ಕೆಟ್ಟದ್ದು ಬರೆದೆನೇ ಎಂದು. ಮರುದಿನವೂ ಹಾಗೇ. ಮೂರನೆಯ ದಿನ ನಾನು ಏನನ್ನೂ ಕೇಳುವುದನ್ನೇ ಬಿಟ್ಟೆ. ವಾರ ಕಳೆದ ಮೇಲೆ ನಮ್ಮ ಮನೆಯೊಡತಿ ಆಲ್ಮಾಜ್ ಕಾಫಿಗೆ ಕರೆದಳು. ಅಲ್ಲಿ ಕಾಫಿಯೆಂದರೆ ಒಂದು ಲೋಟ ಕುಡಿದು ಎದ್ದು ಬರುವ ವ್ಯವಹಾರವಲ್ಲ. ಕಣ್ಣ ಮುಂದೆಯೇ ಬೀಜ ಹುರಿಯುತ್ತಾರೆ, ಕುಟ್ಟುತ್ತಾರೆ, ಮೂರು ಸುತ್ತು ಕೊಡುತ್ತಾರೆ, ಮೂರನೆಯದಕ್ಕೂ ಮೊದಲು ಎದ್ದರೆ ಅವಮಾನ. ಎರಡನೆಯ ಸುತ್ತಿನಲ್ಲಿ ನಾನು, ನಿನಗೆ ಮಕ್ಕಳಿದ್ದಾರೆಯೇ ಎಂದೆ. ಅವಳು ಹಕ್ ಎಂದು ಉಸಿರೆಳೆದುಕೊಂಡು ನಕ್ಕಳು. ಆಗ ಗೊತ್ತಾಯಿತು, ಅಲ್ಲಿ "ಹೌದು" ಎನ್ನುವುದೇ ಹಾಗೆ. ಇಡೀ ತರಗತಿ ಎರಡು ದಿನವೂ ನನಗೆ ಹೌದು ಹೌದು ಎಂದಿತ್ತು, ನಾನು ನಿರಿಗೆ ಸರಿಮಾಡಿಕೊಳ್ಳುತ್ತ ನಿಂತಿದ್ದೆ.

ಅಲ್ಲಿಯ ಸಂತೆಯಲ್ಲಿ ಒಂದು ದಿನ ಜೋಳ ಕಂಡಿತು. ನಮ್ಮ ಜೋಳವೇ. ಮುದುಕಿಯೊಬ್ಬಳು ಚೀಲದ ಬಾಯಿ ಮಡಚಿಟ್ಟುಕೊಂಡು ಕೂತಿದ್ದಳು. ನಾನು ಆ ಚೀಲದಲ್ಲಿ ಕೈ ಹಾಕಿ ಹಾಗೇ ನಿಂತುಬಿಟ್ಟೆ. ಯಜಮಾನರು "ಅಳಬ್ಯಾಡ, ಜನಾ ನೋಡಾಕತ್ತಾರ" ಎಂದರು. ಅವರ ಕಣ್ಣೂ ತೇವವಾಗಿತ್ತು, ಈಗ ಕೇಳಿದರೆ ಧೂಳು ಎನ್ನುತ್ತಾರೆ. ಅವತ್ತು ಸಂಜೆ ನಾನು ರೊಟ್ಟಿ ಬಡಿಯುವ ಸಪ್ಪಳಕ್ಕೆ ಆಲ್ಮಾಜ್ ಓಡಿಬಂದಳು, ಗಂಡ ಹೆಂಡತಿ ಹೊಡೆದಾಡುತ್ತಿದ್ದೇವೆ ಎಂದು.

ಥಾಯ್ಲೆಂಡಿನಲ್ಲಿ ಮಕ್ಕಳು ಚಪ್ಪಲಿ ಹೊರಗೆ ಸಾಲಾಗಿ ಬಿಟ್ಟು ಬರುತ್ತಿದ್ದವು, ಎದ್ದು ನಿಂತು ಒಂದೇ ರಾಗದಲ್ಲಿ ನಮಸ್ಕಾರ ಹೇಳುತ್ತಿದ್ದವು, ಆಮೇಲೆ ನಗುತ್ತ ಕೂರುತ್ತಿದ್ದವು. ತಿಳಿದರೂ ನಗು, ತಿಳಿಯದಿದ್ದರೂ ನಗು. ತಿಳಿಯಲಿಲ್ಲ ಎಂದರೆ ಟೀಚರಿಗೆ ಬೇಸರವಾದೀತೆಂಬ ಮರ್ಯಾದೆ. ನಾನು "ಟೀಚರ್ ಗಂಗಾ" ಆಗಿದ್ದೆ ಅಲ್ಲಿ. ಗಂಗವ್ವ ಎಂಬ ಹೆಸರಿಗೆ ಅಷ್ಟು ಮರ್ಯಾದೆ ನಮ್ಮೂರಿನಲ್ಲಿ ಎಂದೂ ಸಿಕ್ಕಿರಲಿಲ್ಲ.

ಹೀಗೆ ಮೂರು ದೇಶ ಸುತ್ತಿ, ನಿವೃತ್ತಿಯಾಗಿ ರಬಕವಿಗೆ ಬಂದು ನಿಂತಾಗ ನನಗೆ ಒಂದು ಜಂಬವಿತ್ತು, ಹೇಳಿಬಿಡುತ್ತೇನೆ. ದ್ವೀಪವಾಗಲಿ, ಗುಡ್ಡವಾಗಲಿ, ನನ್ನ ತರಗತಿಯಲ್ಲಿ ಮಕ್ಕಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಾಲ್ಡೀವ್ಸಿನಲ್ಲಿ ಒಬ್ಬ ಹುಡುಗಿ ಇಡೀ ವರ್ಷ ಒಂದು ಮಾತೂ ಆಡದೆ ನನ್ನ ಮುಖ ನೋಡುತ್ತ ಕೂತಿದ್ದಳು. "ಶಾಂತ ಸ್ವಭಾವದ ಉತ್ತಮ ವಿದ್ಯಾರ್ಥಿನಿ" ಎಂದು ಅವಳ ಪ್ರಗತಿ ಪತ್ರದಲ್ಲಿ ಬರೆದಿದ್ದೆ. ಬರೆದು ಹೆಮ್ಮೆಪಟ್ಟಿದ್ದೆ.

ರಬಕವಿಯಲ್ಲಿ ಸುಮ್ಮನೆ ಕೂರಲಾಗದೆ ಸಂಜೆ ಐದಕ್ಕೆ ನಮ್ಮ ಪಡಸಾಲೆಯಲ್ಲಿ ಇಂಗ್ಲಿಷ್ ಮಾತಾಡುವ ಪಾಠ ಶುರು ಮಾಡಿದೆ. ಟೀಚರ್ ಗಂಗಾ ಹೋಗಿ ನಾನು ಮತ್ತೆ "ಅಕ್ಕೋರ" ಆದೆ. ಓಣಿಯ ಹೆಣ್ಣುಮಕ್ಕಳು ಏಳೆಂಟು ಜನ ಬರುತ್ತಿದ್ದರು. ಅವರಲ್ಲಿ ಒಬ್ಬಳು ಮಹಾನಂದಾ. ಎರಡು ಮಕ್ಕಳ ತಾಯಿ, ನಮ್ಮ ಹಿಂದಿನ ಓಣಿಯ ಮಗ್ಗದ ಮನೆಯ ಸೊಸೆ. ಮದುವೆಯಾದ ಮೇಲೆ ಬಿ.ಎ. ಮಾಡಿಕೊಂಡು, ಬಿ.ಎಡ್. ಕೂಡ ಮುಗಿಸಿದವಳು. ಇಂಗ್ಲಿಷ್ ಟೀಚರ್ ಆಗಬೇಕೆಂಬುದೊಂದೇ ಅವಳ ಆಸೆ. ಜಮಖಂಡಿಯ ಒಂದು ಶಾಲೆಗೆ, ತೇರದಾಳದ ಒಂದು ಶಾಲೆಗೆ ಅರ್ಜಿ ಹಾಕಿದ್ದಳು. ಎರಡೂ ಕಡೆ ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಲು ಹೇಳಿದರು. ಎರಡೂ ಕಡೆ ಬೋರ್ಡಿನ ಮುಂದೆ ನಿಂತವಳ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ.

ನಮ್ಮ ಪಡಸಾಲೆಯಲ್ಲೂ ಅಷ್ಟೇ. ಹದಿನೈದು ದಿನ ಗೋಡೆಗೊರಗಿ ಕೂತಳು. ಕೇಳಿದ್ದನ್ನು ಬರೆಯುತ್ತಿದ್ದಳು, ಒಂದೂ ತಪ್ಪಿಲ್ಲ. ಮಾತಾಡು ಎಂದರೆ ತಲೆ ತಗ್ಗಿಸುತ್ತಿದ್ದಳು.

"ಒಳಗ ಎಲ್ಲಾ ಐತ್ರಿ ಅಕ್ಕೋರ. ಬಾಯಿಗೆ ಬರವಲ್ದು" ಎಂದಳು ಒಂದು ದಿನ. "ಮುಧೋಳದಾಗ ಒಂದು ಸಾಲಿ ಕರದೈತ್ರಿ. ಇನ್ನ ಎರಡು ತಿಂಗಳೈತಿ. ಇದೂ ಆಗಲಿಲ್ಲಂದ್ರ ಪುಸ್ತಕ ಎಲ್ಲಾ ಗ್ವಾಡಿ ಮಾಡದಾಗ ಇಟ್ಟ ಬಿಡತೇನ್ರಿ. ಮನಿಯವರಿಗೂ ಹೇಳೇನಿ. ಇದ ಕಡೀದು."

ಅದನ್ನು ಅವಳು ಅಳದೆ ಹೇಳಿದಳು, ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಮರುದಿನ ಬೀಗತಿಯೊಬ್ಬರಿಗೆ ಉಡುಗೊರೆ ಸೀರೆ ನೋಡಲು ಮಹಾನಂದಾಳ ಮಗ್ಗದ ಮನೆಗೇ ಹೋದೆ. ಆರು ಮಗ್ಗ ಓಡುತ್ತಿದ್ದವು. ಮಹಾನಂದಾಳ ಅತ್ತೆ ಶಾಂತವ್ವ ಒಂದು ಮೂಲೆಯಲ್ಲಿ ಕಾಲು ಚಾಚಿ ಕೂತು ನೂಲಿನ ಗಂಟು ಬಿಡಿಸುತ್ತಿದ್ದಳು. ಎದುರು ಗೋಡೆಯ ಬಳಿ ಮಹಾನಂದಾ ಮಶಿನ್ನಿನ ಮೇಲೆ ಕಂಡಿಕಿ ಸುತ್ತುತ್ತಿದ್ದಳು. ಕಂಡಿಕಿ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ನಾನು ಬಂದದ್ದು ಅವಳಿಗೆ ತಿಳಿಯಲಿಲ್ಲ. ಹಿಂದಿನಿಂದ ಹೋಗಿ ಬಗ್ಗಿದರೆ, ದೇವರೇ, ಅವಳು ಇಂಗ್ಲಿಷ್ ಮಾತಾಡುತ್ತಿದ್ದಾಳೆ! ಸುತ್ತಿದ ಕಂಡಿಕಿಗಳನ್ನು ಪುಟ್ಟಿಯಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಪಾಠ ಹೇಳುತ್ತಿದ್ದಾಳೆ. ಆಡು ಕಳೆದುಕೊಂಡ ಒಬ್ಬ ಮುದುಕಿಯ ಪಾಠ. ಮುದುಕಿ ಬಾಗಿಲು ಬಾಗಿಲಿಗೆ ಹೋಗಿ ನನ್ನ ಆಡು ಕಂಡಿರಾ ಎಂದು ಕೇಳುತ್ತಾಳೆ, ಬಾವಿಯಲ್ಲಿ ಇಣುಕುತ್ತಾಳೆ, ಬಣವೆಯ ಹಿಂದೆ ನೋಡುತ್ತಾಳೆ. ಮಹಾನಂದಾ ಮುದುಕಿಯ ಹಾಗೆ ಬೆನ್ನು ಬಗ್ಗಿಸಿ, ಬಾಗಿಲು ಬಡಿದು, ಇಣುಕಿ, ನೆತ್ತಿಗೆ ಎರಡು ಬೆರಳಿಟ್ಟು ಕೊಂಬು ಮಾಡಿ ಹೇಳುತ್ತಿದ್ದಳು. ಕಂಡಿಕಿಯೊಂದು ಅಲ್ಲಾಡಿದರೆ ಗದರಿಸುತ್ತಿದ್ದಳು. ಅಷ್ಟರಲ್ಲಿ ನನ್ನನ್ನು ಕಂಡಳು. ಬಾಯಿ ಪಟಕ್ಕನೆ ಮುಚ್ಚಿತು.

"ಇಲ್ಲಿ ಹೆಂಗ ಬಂತು ಬೇ ನಿನಗ ಮಾತು?" ಎಂದು ಕೂಗಿದೆ.

"ಇಲ್ಲಿ ಯಾರಿಗೂ ಕೇಳಸೂದಿಲ್ಲಲ್ರಿ!" ಎಂದು ಅವಳೂ ಕೂಗಿದಳು.

ರೋಗದ ಬೇರು ಸಿಕ್ಕಿತು ಎಂದುಕೊಂಡೆ. ಮರುದಿನದಿಂದ ಅವಳ ಪಾಠ ಮಗ್ಗದ ಮನೆಯಲ್ಲೇ. ಆ ದಿನಗಳ ಸುಖವನ್ನು ನಿಮಗೆ ಹೇಗೆ ಹೇಳಲಿ! ಮೂರು ದೇಶಗಳಿಗೆ ಜೋರಾಗಿದ್ದ ನನ್ನ ದನಿ ಅಲ್ಲಿ ಅಳತೆ ಕೊಟ್ಟು ಹೊಲಿಸಿದಷ್ಟು ಸರಿಯಾಗಿತ್ತು. ನಾನು ಕೂಗಿ ಕೇಳುತ್ತಿದ್ದೆ, ಅವಳು ಕೂಗಿ ಉತ್ತರ ಕೊಡುತ್ತಿದ್ದಳು. ಇಬ್ಬರೂ ಬೆವರುತ್ತಿದ್ದೆವು. ಶಾಂತವ್ವ ಮೂಲೆಯಲ್ಲಿ ನೂಲು ಬಿಡಿಸುತ್ತ ನಮ್ಮ ಕಡೆ ನೋಡಿ ನೋಡಿ ನಗುತ್ತಿದ್ದಳು. ಮುದುಕಿಗೆ ನಮ್ಮದು ಹುಚ್ಚರ ಸಂತೆ ಎನಿಸಿರಬೇಕು ಎಂದುಕೊಂಡೆ.

ಒಂದು ಮಧ್ಯಾಹ್ನ ಮಹಾನಂದಾ ಬಾವಿಯಲ್ಲಿ ಇಣುಕುತ್ತಿದ್ದಾಗಲೇ ಕರೆಂಟು ಹೋಯಿತು. ಆರೂ ಮಗ್ಗ ನಿಂತವು. ಅವಳ ವಾಕ್ಯ ಅರ್ಧಕ್ಕೆ ನಿಂತಿತು. ಮುಂದುವರಿಸು ಎಂದೆ. ಗಂಟಲ ನರ ಉಬ್ಬಿದವೇ ಹೊರತು ಮಾತು ಬರಲಿಲ್ಲ. ಆಮೇಲೆ ನಾನು ಒಂದು ಉಪಾಯ ಮಾಡಿದೆ. ಊಟದ ಹೊತ್ತಿಗೆ ಮಗ್ಗಗಳನ್ನು ಹೇಗೂ ನಿಲ್ಲಿಸುತ್ತಾರಲ್ಲ, ಒಂದೊಂದಾಗಿ ನಿಲ್ಲಿಸಿ ಎಂದು ಅವಳ ಗಂಡನಿಗೆ ಹೇಳಿದೆ. ಆರು ಓಡುವಾಗ ಗಂಟೆ ಹೊಡೆದಂಥ ಮಾತು. ಮೂರಕ್ಕೆ ಬಂದಾಗ ತಡವರಿಕೆ. ಒಂದೇ ಮಗ್ಗ ಉಳಿದಾಗ ಪಿಸುಮಾತು. ಅದೂ ನಿಂತಾಗ ಅವಳು ನನ್ನ ಮುಖ ನೋಡಿ ತಲೆ ಆಡಿಸಿದಳು. ದಿನವೂ ಇದೇ ಆಯಿತು. ಮುದುಕಿಯ ಆಡು ಒಂದು ದಿನವೂ ಸಿಗಲಿಲ್ಲ, ಅಲ್ಲಿಯವರೆಗೆ ಪಾಠ ಹೋಗುತ್ತಲೇ ಇರಲಿಲ್ಲ.

"ಹ್ವಾದರ ಹ್ವಾತ ಬಿಡ್ರಿ ಅಕ್ಕೋರ" ಎಂದಳು ಹೊರಡುವ ಹಿಂದಿನ ದಿನ. "ನೀವೂ ಭಾಳ ತ್ರಾಸ ತಗೊಂಡ್ರಿ."

ಮುಧೋಳಕ್ಕೆ ಬಸ್ಸಿನಲ್ಲಿ ಹೋದೆವು. ಕಬ್ಬಿನ ಹಂಗಾಮು, ದಾರಿಯುದ್ದಕ್ಕೂ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಅವಳು ಹೊಸ ಇಳಕಲ್ಲ ಸೀರೆ ಉಟ್ಟಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ನಾನು ದಾರಿಯುದ್ದಕ್ಕೂ ಧೈರ್ಯ ಹೇಳಿದೆ. ಇಡೀ ಬಸ್ಸಿಗೆ ಧೈರ್ಯ ಬಂದಿರಬೇಕು, ಕಂಡಕ್ಟರ್ ಕೂಡ ಇಳಿಯುವಾಗ "ಛಲೋ ಆಗತೈತಿ ಹೋಗ ತಂಗಿ" ಎಂದ.

ಶಾಲೆಯ ಹೆಸರು ಬೇಡ. ಇಂಗ್ಲಿಷ್ ಮಾಧ್ಯಮ, ಒಗೆದಿಟ್ಟ ಹಾಗಿರುವ ಗೋಡೆಗಳು, ಗೋಡೆಯ ತುಂಬ "ಮೌನವಾಗಿರಿ" ಎಂಬ ಬರಹ. ನಾಲ್ಕನೆಯ ತರಗತಿಯಲ್ಲಿ ನಲವತ್ತು ಮಕ್ಕಳು ಕೈ ಕಟ್ಟಿ ಕೂತಿದ್ದವು. ಹೆಡ್ ಮೇಡಂ ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕೂತರು. ನಾನು ಹೊರಗೆ ಪಡಸಾಲೆಯಲ್ಲಿ, ಕಿಟಕಿಯ ಪಕ್ಕ.

ಮಹಾನಂದಾ ಬೋರ್ಡಿನ ಮುಂದೆ ನಿಂತಳು. ಬಾಯಿ ತೆರೆದಳು. ಮಾತು ಬರಲಿಲ್ಲ. ಮಕ್ಕಳು ನೋಡಿದವು. ಹೆಡ್ ಮೇಡಂ ಗಡಿಯಾರ ನೋಡಿದರು. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಆ ನಲವತ್ತು ಮುಚ್ಚಿದ ಬಾಯಿಗಳನ್ನು ನೋಡಿದಾಗ, ಸುಳ್ಳೇಕೆ ಹೇಳಲಿ, ನನಗೆ ನನ್ನ ತರಗತಿಗಳೇ ಕಂಡವು. ಮಾಲ್ಡೀವ್ಸಿನ ಆ ಹುಡುಗಿ ಕಂಡಳು. ಅವಳು ಶಾಂತ ಸ್ವಭಾವದವಳೇನೂ ಆಗಿರಲಿಲ್ಲ, ನನ್ನ ದನಿಯ ನಡುವೆ ಅವಳ ದನಿಗೆ ಕಾಲಿಡಲು ಜಾಗವಿರಲಿಲ್ಲ ಅಷ್ಟೇ. ಮೂವತ್ತು ವರ್ಷ ನಾನು ಮಕ್ಕಳ ಬಾಯಿ ಮುಚ್ಚಿಸಿ ಇಂಗ್ಲಿಷ್ ಮಾತಾಡಲು ಕಲಿಸಿದ್ದೆ. ನಾಚಿಕೆಯಾಯಿತು.

ಹೆದರಿಕೆಯಲ್ಲಿ ಮಹಾನಂದಾಳ ಬೆರಳು ಮೇಜಿನ ಮೇಲೆ ಬಡಿಯುತ್ತಿದ್ದವು. ಖಟ್ ಖಟಾ ಖಟ್. ಅವಳಿಗೇ ತಿಳಿಯದೆ ಮಗ್ಗದ ಲಯ ಬಂದಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ನಕ್ಕಳು. ಮಹಾನಂದಾ ಅವಳನ್ನು ನೋಡಿದಳು, ತನ್ನ ಬೆರಳು ನೋಡಿಕೊಂಡಳು, ಮತ್ತೆ ಅವಳನ್ನು ನೋಡಿ ನೀನೂ ಬಡಿ ಎಂದು ಕೈಸನ್ನೆ ಮಾಡಿದಳು. ಹುಡುಗಿ ಬಡಿದಳು. ಅವಳ ಬೆಂಚಿನ ಮಕ್ಕಳೆಲ್ಲ ಬಡಿದವು. ಮೌನವಾಗಿರಿ ಎಂಬ ಗೋಡೆಗಳ ನಡುವೆ ಬಡಿಯಲು ಅಪ್ಪಣೆ ಸಿಕ್ಕರೆ ಮಕ್ಕಳು ಬಿಡುತ್ತವೆಯೇ? ಒಂದೊಂದೇ ಸಾಲು ಸೇರಿ ನಲವತ್ತೂ ಮಕ್ಕಳು ಖಟಾಖಟ್ ಶುರುವಿಟ್ಟುಕೊಂಡವು. ಶಾಲೆಯ ಸಿಪಾಯಿ ಓಡಿ ಬಂದ. ಹೆಡ್ ಮೇಡಂ ಅರ್ಧ ಎದ್ದರು.

ಆ ಗದ್ದಲದ ನಡುವಿನಿಂದ ಮಹಾನಂದಾಳ ದನಿ ಎದ್ದಿತು. ಒಂದೂರಲ್ಲಿ ಒಬ್ಬ ಮುದುಕಿ, ಅವಳಿಗೊಂದು ಆಡು. ಹೇಳುತ್ತ ಹೇಳುತ್ತ ಅಂಗೈ ತಗ್ಗಿಸಿ ಒಂದು ಸಾಲನ್ನು ನಿಲ್ಲಿಸಿದಳು. ಆಮೇಲೆ ಇನ್ನೊಂದು. ಆಡು ಕಳೆಯಿತು, ಮೂರನೆಯ ಸಾಲು ನಿಂತಿತು. ಕೊನೆಯ ಸಾಲು ತಾನಾಗಿಯೇ ನಿಂತಿತು, ಮಕ್ಕಳಿಗೆ ಮುದುಕಿಯ ಚಿಂತೆ ಹತ್ತಿತ್ತು. ಕೋಣೆ ಸ್ತಬ್ಧ. ಮಹಾನಂದಾ ಮಾತಾಡುತ್ತಲೇ ಇದ್ದಳು. ಗದ್ದಲ ನಿಂತದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಮಕ್ಕಳನ್ನೇ ಎಬ್ಬಿಸಿ ಮುದುಕಿಯನ್ನಾಗಿ, ನೆರೆಯವರನ್ನಾಗಿ ಮಾಡಿದಳು. "ಹ್ಯಾವ್ ಯು ಸೀನ್ ಮೈ ಗೋಟ್?" ಎಂದು ಮಕ್ಕಳು ಕೋಣೆ ತುಂಬ ಓಡಾಡಿ ಕೇಳಿದವು, ಸಿಪಾಯಿಯನ್ನೂ ಬಿಡಲಿಲ್ಲ. ಮುದುಕಿ ಬಾವಿಯಲ್ಲಿ ಇಣುಕುವಷ್ಟರಲ್ಲಿ ಗಂಟೆ ಹೊಡೆಯಿತು.

ಹೆಡ್ ಮೇಡಂ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಫ್ಯಾನು ಕೂಡ ತಿರುಗದ ನಿಶ್ಶಬ್ದ ಕೋಣೆ.

"ಪಾಠ ಛಲೋ ಆತ್ರಿ. ಆದರ ಗದ್ದಲ ಭಾಳ ಆತು. ನಮ್ಮಲ್ಲಿ ಶಿಸ್ತು ಮೊದಲು."

ನಾನು ಉಸಿರು ತುಂಬಿಕೊಂಡೆ. ಮೂರು ದೇಶದ ಅನುಭವವನ್ನೆಲ್ಲ ಆಕೆಯ ಮೇಲೆ ಸುರಿಯುವುದಿತ್ತು. ಅಷ್ಟರಲ್ಲಿ ಮಹಾನಂದಾ ಬಾಯಿ ತೆರೆದಳು. ಇಂಗ್ಲಿಷಿನಲ್ಲಿ. ಮೆಲ್ಲಗೆ. ಮೇಡಂ, ಮಕ್ಕಳು ಸುಮ್ಮನೆ ಕೂತಿದ್ದಾಗ ಅವಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ನನಗೆ ತಿಳಿಯಲಿಲ್ಲ. ಗದ್ದಲ ಮಾಡಿದಾಗ ತಿಳಿಯಿತು ಎಂದಳು. ಒಂದು ಕಡೆ ತಪ್ಪಿದಳು, ತಾನೇ ತಿದ್ದಿಕೊಂಡಳು. ನಾನು ತುಂಬಿಕೊಂಡ ಉಸಿರನ್ನು ಹಾಗೇ ಮೆಲ್ಲಗೆ ಬಿಟ್ಟೆ.

ಹೆಡ್ ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. "ಸೋಮವಾರದಿಂದ ಬರ್ರಿ. ಆದರ ಕಡೀ ಖೋಲಿ ಕೊಡತೇನಿ, ಆಟದ ಬೈಲಿನ ಮಗ್ಗಲಿಂದು" ಎಂದರು.

ಮಹಾನಂದಾ ಬಸ್‌ಸ್ಟ್ಯಾಂಡಿನಲ್ಲಿ ಅತ್ತಳು, ಬಸ್ಸಿನಲ್ಲಿ ನಕ್ಕಳು. ರಬಕವಿಯಲ್ಲಿ ಇಳಿದು ಅವರ ಮನೆಗೆ ಹೋದರೆ ಕರೆಂಟು ಇರಲಿಲ್ಲ, ಮಗ್ಗಗಳು ನಿಂತಿದ್ದವು. ಶಾಂತವ್ವ ಅದೇ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಸೊಸೆ ಓಡಿಹೋಗಿ ಅವಳ ಮುಂದೆ ಕೂತು, "ಅತ್ತೀ, ಕೆಲಸ ಆತ್ರಿ!" ಎಂದಳು.

"ಆಗೇ ಆಗತೈತಿ, ಅದೇನ ದೊಡ್ಡದು" ಎಂದಳು ಶಾಂತವ್ವ. "ಮದಲ ಇದನ್ನ ಹೇಳ. ಆ ಮುದಿಕಿಗೆ ಆಡು ಸಿಕ್ತೋ ಇಲ್ಲೋ?"

"ಯಾವ ಮುದಿಕಿರಿ?"

"ಎರಡು ತಿಂಗಳಾತು ಹುಡಕಾಕತ್ತಾಳಲ್ಲ, ಆಕಿ. ಬಾಗಲಾ ಬಡಿತಾಳ, ಭಾವ್ಯಾಗ ಇಣಕತಾಳ, ಬಣವಿ ಹಿಂದ ಹೊಕ್ಕಾಳ. ಸಿಗೂ ಹೊತ್ತಿಗೆ ನಿನ್ನ ಕಂಡಿಕಿ ತೀರತಾವ. ಇಲ್ಲಂದ್ರ ಈ ಅಕ್ಕೋರು ಮಗ್ಗಾ ಬಂದ ಮಾಡಸತಾರ. ನನಗ ಜೀವಾ ತಡಿಯವಲ್ದು."

ಮಹಾನಂದಾ ಕಣ್ಣರಳಿಸಿದಳು. "ಅತ್ತೀ, ನಿಮಗ ನಾ ಹೇಳೂದು ಕೇಳಸತಿತ್ತೇನ್ರಿ?"

"ಮಗ್ಗದ ಮನ್ಯಾಗ ಯಾರ ಕಿವೀಲೆ ಕೇಳತಾರ ಬೇ? ಮಾರಿ, ಕೈ ನೋಡಿ ಕೇಳತಾರ. ಐವತ್ತು ವರ್ಷ ಆತು ನಾ ಇಲ್ಲಿ ಕುಂತು."

ನಮ್ಮವ್ವ ನಾಲ್ಕು ಮಗ್ಗದ ಆಚೆಯಿಂದ ಸಪ್ಪಳವಿಲ್ಲದೆ ಬರೀ ತುಟಿ ಆಡಿಸಿ ಬೈದರೆ ಒಂದಕ್ಷರ ಬಿಡದೆ ತಿಳಿಯುತ್ತಿದ್ದ ಮಗಳು ನಾನು. ಊರೂರು ಸುತ್ತಿ ಅದನ್ನು ಹೇಗೆ ಮರೆತೆ? ಯಾರಿಗೂ ಕೇಳಿಸುವುದಿಲ್ಲ ಎಂದು ಈ ಹುಡುಗಿ ನಂಬಿದ್ದಳು, ನಾನೂ ನಂಬಿದ್ದೆ.

ಮಹಾನಂದಾ ಸೆರಗು ಸಿಕ್ಕಿಸಿಕೊಂಡಳು. ಸದ್ದಿಲ್ಲದ ಆ ಮಗ್ಗದ ಮನೆಯಲ್ಲಿ, ಅತ್ತೆಯ ಮುಖಕ್ಕೆ ಮುಖ ಕೊಟ್ಟು, ಮೊದಲಿನಿಂದ ಪೂರಾ ಪಾಠವನ್ನು ಇಂಗ್ಲಿಷಿನಲ್ಲಿ ಹೇಳಿದಳು. ಬಾಗಿಲು ಬಡಿದಳು, ಬಾವಿ ಇಣುಕಿದಳು. ಮುದುಕಿ ಊರೆಲ್ಲ ಸುತ್ತಿ, ಸೋತು, ತನ್ನ ಮನೆಯ ಕಟ್ಟೆಯ ಮೇಲೆ ಕೂತಳು. ಕಣ್ಣೊರೆಸಿಕೊಂಡು ಹಿಂದೆ ತಿರುಗಿದಳು. ಮುಂಜಾನೆಯಿಂದ ಅವಳ ಬೆನ್ನ ಹಿಂದೆಯೇ ನಡೆದು ಬಂದಿದ್ದ ಆಡು ಅಲ್ಲಿ ನಿಂತಿತ್ತು. ಮಹಾನಂದಾ ನೆತ್ತಿಗೆ ಎರಡು ಬೆರಳಿಟ್ಟು ಅತ್ತೆಯನ್ನು ನೋಡಿದಳು.

ಇಂಗ್ಲಿಷಿನ ಒಂದಕ್ಷರ ಬಾರದ ಶಾಂತವ್ವ ನನಗಿಂತ ಮೊದಲೇ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಹುಚ್ಚಿ! ಒಮ್ಮಿ ಹಿಂದ ಹೊಳ್ಳಿ ನೋಡಬೇಕಿಲ್ಲೇನ!" ಎಂದು ಸೊಸೆಯ ಬೆನ್ನ ಮೇಲೆ ಒಂದು ಗುದ್ದು ಕೊಟ್ಟಳು.